ಒಳಗೂ ಹೊಳೆಯುತ್ತಿದ್ದ ತಪ್ಪಲೆ

ಪಾತ್ರೆ ದೊಡ್ಡದೋ ಚಿತ್ರ ದೊಡ್ಡದೋ ಎಂಬ ಜಗಳ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ನಡೆಯಿತು. ಜಗಳವಾಡುತ್ತಿದ್ದವರು ಇಬ್ಬರೇ, ನಮ್ಮವ್ವ ಮತ್ತು ನಮ್ಮ ಭಾವ. ಉಳಿದವರು ಕಾಫಿ ಕುಡಿಯುತ್ತಾ ಕೇಳಿಸಿಕೊಳ್ಳುತ್ತಿದ್ದರು. ನಾನು ಕಾಫಿ ಕುಡಿಯುತ್ತಾ, ಇದು ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂದು ಚಿಂತಿಸುತ್ತಿದ್ದೆ. ಚಿಂತೆ ಮಾಡಲು ನನಗೆ ಕಾರಣ ಬೇಕಿಲ್ಲ. ಕಾರಣ ಸಿಕ್ಕರಂತೂ ಅದೊಂದು ಹಬ್ಬ. ವಯಸ್ಸು ಐವತ್ತರ ಹತ್ತಿರ ಬಂದರೂ, ಬಸ್ಸು ಹತ್ತಿದ ಮೇಲೆ ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸು ನಡೆಯುವವನು ನಾನು.

ಭಾವ ಅಂದರೆ ಅಕ್ಕನ ಗಂಡ. ತಿ. ನರಸೀಪುರದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಹಗಲೆಲ್ಲ ಮಕ್ಕಳ ಕೈಯಲ್ಲಿ ಮಾವಿನಹಣ್ಣು, ಬಾವುಟ ಬರೆಸಿ ಬೇಸತ್ತು, ಸಂಜೆ ಮನೆಗೆ ಬಂದು ಚಿನ್ನದ ರೇಕು ಅಂಟಿಸಿ ಮೈಸೂರು ಶೈಲಿಯಲ್ಲಿ ದೇವರ ಚಿತ್ರ ಬರೆಯುತ್ತಿದ್ದರು. ಅವರ ಮನೆಯ ಹಾಲಿನ ಗೋಡೆ ತುಂಬ ದೇವತೆಗಳು. ಒಂದನ್ನೂ ಅವರು ಮಾರಲಿಲ್ಲ. ಯಾರೂ ಕೇಳಲಿಲ್ಲ ಎಂಬುದನ್ನು ಅಕ್ಕ ಅಡುಗೆಮನೆಯಿಂದಲೇ ಸೇರಿಸುತ್ತಿದ್ದಳು.

"ಬಳಸೋ ಸಾಮಾನು ಸವೆದು ಹೋಗುತ್ತೆ ಅತ್ತೆ. ಕಲೆ ಮಾತ್ರ ಉಳಿಯೋದು" ಎಂದು ಭಾವ ಶುರು ಮಾಡುತ್ತಿದ್ದರು.

"ನೀವು ಬರೆದ ಲಕ್ಷ್ಮಿಗೆ ನಾಲ್ಕು ಕೈ ಅವೆ ಅಳಿಯಂದ್ರೇ, ಒಂದು ಕೈಲೂ ಒಂದು ಬಿಂದಿಗೆ ನೀರು ಎತ್ತಕ್ಕಾಗಲ್ಲ. ನನಗಿರೋದು ಎರಡೇ ಕೈ" ಎಂದು ಅವ್ವ ಮುಗಿಸುತ್ತಿದ್ದಳು.

ಅವ್ವ ನಂಜನಗೂಡಿನಲ್ಲಿ ನನ್ನ ಮತ್ತು ತಂಗಿಯ ಜೊತೆ ಇದ್ದವಳು. ನಾನು ದಿನಾ ಬಸ್ಸಿನಲ್ಲಿ ತಿ. ನರಸೀಪುರಕ್ಕೆ ಹೋಗಿ, ಕಾಲೇಜೊಂದರ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಸೀಸೆ ತೊಳೆಸಿ, ಲೇಬಲ್ಲು ಅಂಟಿಸಿ ಬರುತ್ತಿದ್ದೆ. ಲ್ಯಾಬ್ ಅಸಿಸ್ಟೆಂಟ್ ಎಂದು ಹೆಸರು. ಹೆದರಿಕೊಳ್ಳಲು ಸಾಕಾಗುವಷ್ಟು ರಸಾಯನಶಾಸ್ತ್ರ ನನಗೆ ಗೊತ್ತಿತ್ತು; ಧೈರ್ಯ ತಂದುಕೊಳ್ಳಲು ಬೇಕಾದಷ್ಟು ಗೊತ್ತಿರಲಿಲ್ಲ.

ಜಗಳಕ್ಕೆ ಸಾಕ್ಷಿಯಾಗಿ ಕೂತಿದ್ದದ್ದು ಒಂದು ಹಿತ್ತಾಳೆ ತಪ್ಪಲೆ. ಅವ್ವನ ತವರಿನಿಂದ ಬಂದದ್ದು. ಅಗಲ ಹೊಟ್ಟೆ, ಕಿರಿದಾದ ಕಂಠ, ಅಂಚಿಗೆ ಮಣಿ ಪೋಣಿಸಿದ ಹಾಗೆ ಒಂದು ಸುತ್ತು. ಹಬ್ಬಕ್ಕೆ, ಹರಿದಿನಕ್ಕೆ, ಕೇರಿಯವರ ಮದುವೆಗೆ ಅದರಲ್ಲೇ ಸಾರು, ಅದರಲ್ಲೇ ಪಾಯಸ. ಹಿತ್ತಾಳೆಯಲ್ಲಿ ಹುಳಿ ಪದಾರ್ಥ ಮಾಡಬೇಕಾದರೆ ಒಳಗೆ ಕಲಾಯಿ ಇರಬೇಕು, ಅಂದರೆ ತವರದ ತೆಳು ಲೇಪ. ಇಲ್ಲದಿದ್ದರೆ ಹುಣಸೆಹುಳಿ ಲೋಹವನ್ನು ತಿಂದು ಕಿಲುಬು ಬಿಡುತ್ತದೆ; ಉಂಡವರು ವಾಂತಿ ಮಾಡಿಕೊಂಡು ಮಲಗುತ್ತಾರೆ. ಅದಕ್ಕೇ ವರ್ಷಕ್ಕೊಮ್ಮೆ ಕಲಾಯಿಯವನು ನಮ್ಮ ಬೀದಿಗೆ ಬಂದು, ನೆಲದಲ್ಲಿ ಗುಂಡಿ ತೋಡಿ, ತಿದಿಯೂದಿ, ಹೊಗೆಯೆಬ್ಬಿಸಿ ಹೋಗುತ್ತಿದ್ದ. ಕಲಾಯಿ ಹಾಕಿದ ಒಳಮೈ ಕೆಲವು ದಿನ ಬೆಳ್ಳಿಯಂತಿದ್ದು, ಆಮೇಲೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು.

ಕುಕ್ಕರು ಬಂದ ಮೇಲೆ ತಪ್ಪಲೆ ಅಟ್ಟ ಸೇರಿತು. ಭಾವ ಒಮ್ಮೆ ಬಂದವರು ಅಟ್ಟದ ಕಡೆ ಕತ್ತೆತ್ತಿ ನಿಂತೇಬಿಟ್ಟರು.

"ಅತ್ತೆ, ಆ ಕಂಠದ ತಿರುವು ನೋಡಿ. ಇದು ಪಾತ್ರೆಯಲ್ಲ, ಶಿಲ್ಪ. ನನಗೆ ಕೊಡಿ."

ಅಳಿಯ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಎನ್ನುವ ರೂಢಿ ನಮ್ಮಲ್ಲಿಲ್ಲ. ಅವ್ವ ಕೊಟ್ಟಳು. ಕೊಟ್ಟ ದಿನದಿಂದ ಸಂಕಟಪಟ್ಟಳು. ತಪ್ಪಲೆ ತಿ. ನರಸೀಪುರದ ಹಾಲಿನಲ್ಲಿ, ಮೂರು ಕಾಲಿನ ಸ್ಟೂಲಿನ ಮೇಲೆ, ಹೊಟ್ಟೆ ತುಂಬ ನವಿಲುಗರಿ ತುಂಬಿಕೊಂಡು, ಕನ್ನಡಿಯಂತೆ ಹೊಳೆಯುತ್ತಾ ಕೂತಿತು. ಅವ್ವ ಅಲ್ಲಿಗೆ ಹೋದಾಗಲೆಲ್ಲ ಅದರ ಮುಂದೆ ಒಂದು ನಿಮಿಷ ನಿಂತು, "ಹೆಂಗಿದ್ದವಳು ಹೆಂಗಾದೆ" ಎಂದು ಹೇಳಿ ಒಳಗೆ ಹೋಗುತ್ತಿದ್ದಳು. ಅದೇನೋ ಸಾಮಾನನ್ನಲ್ಲ, ಕೆಲಸ ಬಿಡಿಸಿ ಕೂರಿಸಿದ ನೆಂಟರ ಹೆಂಗಸನ್ನು ಮಾತಾಡಿಸಿದಂತೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ತಂಗಿಗೆ ಬನ್ನೂರಿನ ಕಡೆಯಿಂದ ಸಂಬಂಧ ಬಂತು. ಇದಕ್ಕೆ ಮುಂಚೆ ಕವಲಂದೆ ಕಡೆಯ ಒಂದು ಸಂಬಂಧ ಎಲ್ಲ ಮಾತೂ ಮುಗಿದ ಮೇಲೆ ಮುರಿದುಬಿದ್ದಿತ್ತು. ಗಂಡಿನವರು ನಮ್ಮ ಮನೆಗೆ ಬಂದು ಕೂತಿದ್ದಾಗ ಕಾಫಿಗಿಟ್ಟ ಹಾಲು ಒಡೆದುಹೋಯಿತು. ಬಿಸಿಲು ಕಾಲ, ಮಧ್ಯಾಹ್ನದ ಹಾಲು, ಒಡೆಯದೆ ಏನು ಮಾಡುತ್ತದೆ. ಆದರೆ ಬಂದವರಲ್ಲಿ ಒಬ್ಬ ಅಜ್ಜಿ ಆ ಪಾತ್ರೆಯೊಳಗೆ ನೋಡಿ ಸೆರಗು ಬಾಯಿಗಿಟ್ಟುಕೊಂಡಳು. ವಾರ ಕಳೆಯುವುದರೊಳಗೆ "ಶಕುನ ಸರಿಯಿಲ್ಲವಂತೆ" ಎಂದು ಹೇಳಿ ಕಳಿಸಿದರು. ಆಮೇಲೆ ಎರಡು ವರ್ಷ ನಮ್ಮದು ಹಾಲು ಒಡೆದ ಮನೆ. ತಂಗಿ ಆ ಮಾತನ್ನು ಯಾರ ಮುಂದೆಯೂ ಆಡಲಿಲ್ಲ. ಹಾಲು ಕಾಯಿಸುವಾಗ ಮಾತ್ರ ಒಲೆಯ ಮುಂದೆಯೇ ನಿಂತಿರುತ್ತಿದ್ದಳು, ಉಕ್ಕಿ ಇಳಿಯುವವರೆಗೂ.

ಬನ್ನೂರಿನವರು ಈ ಕಥೆ ಕೇಳಿಯೂ ಬರಲು ಒಪ್ಪಿದ್ದರು. ಹುಡುಗ ಪಶು ಆಸ್ಪತ್ರೆಯಲ್ಲಿ ಕೆಲಸದವನು, ಮಾತು ಕಡಿಮೆ. ಮಾತೆಲ್ಲ ಅವನ ದೊಡ್ಡಪ್ಪನದು. ಗದ್ದೆ, ಮಠ, ಪಂಚಾಯ್ತಿ ಎಲ್ಲದರಲ್ಲೂ ಪಳಗಿದ ಮನುಷ್ಯ. ನಂಜನಗೂಡು ದೂರವಾಯಿತು, ನರಸೀಪುರದಲ್ಲೇ ನಿಮ್ಮ ಅಳಿಯಂದಿರ ಮನೆಯಲ್ಲಿ ವೀಳ್ಯ ಬದಲಾಯಿಸಿಕೊಳ್ಳೋಣ ಎಂದು ಅವರೇ ಹೇಳಿದರು. ತಾಂಬೂಲದ ತಟ್ಟೆ ಆ ಕೈಯಿಂದ ಈ ಕೈಗೆ ಬಂದರೆ ಮಾತು ಗಟ್ಟಿ. ಅಲ್ಲಿಯವರೆಗೆ ಏನೂ ಗಟ್ಟಿಯಲ್ಲ.

ವೀಳ್ಯದ ದಿನ ಬೆಳಿಗ್ಗೆ ಭಾವನ ಪಕ್ಕದ ಮನೆಗೆ ಫೋನು ಬಂತು. ಒಂದು ವ್ಯಾನಿನಲ್ಲಿ ಬರುವವರು ಎರಡು ವ್ಯಾನಿನಲ್ಲಿ ಬರುತ್ತಿದ್ದಾರೆ. ಹಿತ್ತಲಲ್ಲಿ ಒಲೆ ಹೂಡಿದ್ದ ಅವ್ವ, ಬಾಡಿಗೆಗೆ ತಂದ ಪಾತ್ರೆಗಳನ್ನು ಒಮ್ಮೆ ನೋಡಿದಳು. ಅನ್ನಕ್ಕೆ ಸರಿ, ಪಾಯಸಕ್ಕೆ ಸರಿ, ಸಾರಿಗೆ ಇಲ್ಲ. ಭಾವ ಬಾಳೆಲೆ ತರಲು ಪೇಟೆಗೆ ಹೋಗಿದ್ದರು. ಅವ್ವ ಸೀದಾ ಹಾಲಿಗೆ ಬಂದು ಸ್ಟೂಲಿನ ಮುಂದೆ ನಿಂತಳು.

"ಈ ಪುಕ್ಕ ಎಲ್ಲ ತೆಗಿಯವ್ವ" ಎಂದು ಅಕ್ಕನಿಗೆ ಹೇಳಿದಳು. "ಕೂತು ಕೂತು ಸಾಕಾಗಿರ್ತದೆ ಅದಕ್ಕೂ."

ಅಕ್ಕ ನಕ್ಕು ನವಿಲುಗರಿ ಕಿತ್ತು ಮೂಲೆಗಿಟ್ಟಳು. ಅವ್ವನೇ ತಪ್ಪಲೆ ತೊಳೆದಳು, ಅವ್ವನೇ ಒಲೆಗೇರಿಸಿದಳು. ಅವಳ ಮುಖದಲ್ಲಿ ಗೆದ್ದ ಕಳೆ. ಭಾವ ಬಂದು ಖಾಲಿ ಸ್ಟೂಲು ನೋಡುವ ಗಳಿಗೆಯನ್ನು ಅವಳು ಆಗಲೇ ಸವಿಯುತ್ತಿದ್ದಳು. ಎಂದೂ ಕಲಾಯಿ ತಪ್ಪದ ತನ್ನ ತಪ್ಪಲೆಯೊಳಗೆ ಬಗ್ಗಿ ನೋಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ನಾನೂ ಅಷ್ಟು ವರ್ಷ ಅದರ ಹೊಳಪು ನೋಡಿದ್ದೆನೇ ಹೊರತು, ನವಿಲುಗರಿ ಸರಿಸಿ ಒಳಗೆ ನೋಡಿರಲಿಲ್ಲ.

ಹುಣಸೆ ಕಿವುಚಿ, ಬೇಳೆಕಟ್ಟು ಸುರಿದು, ಟೊಮೇಟೊ ಹಾಕಿ, ತಪ್ಪಲೆಯ ಕಂಠದವರೆಗೆ ಸಾರು ಕುದಿಯಿತು. ನೆಂಟರು ಬರುವ ಹೊತ್ತಿಗೆ ಬರಲಿಲ್ಲ. ಸಂಗಮದಲ್ಲಿ ಇಳಿದು ಕಾಲು ತೊಳೆದುಕೊಂಡು, ದೇವಸ್ಥಾನ ನೋಡಿಕೊಂಡು, ರಾಹುಕಾಲ ಕಳೆಯಲಿ ಎಂದು ಅಲ್ಲೇ ಮರದಡಿ ಕೂತರಂತೆ. ಸಾರು ಸಣ್ಣ ಉರಿಯ ಮೇಲೆ ಕಾಯುತ್ತಾ ಕೂತಿತು.

ಕೊನೆಗೆ ವ್ಯಾನುಗಳು ಬಂದವು. ಬಾಳೆಲೆ ತಂದ ಭಾವ ನೆಂಟರ ಗಡಿಬಿಡಿಯಲ್ಲಿ ಖಾಲಿ ಸ್ಟೂಲಿನ ಕಡೆ ನೋಡಲೇ ಇಲ್ಲ. ಕಾಲಿಗೆ ನೀರು ಕೊಟ್ಟಾಯಿತು, ಜಮಖಾನೆಯ ಮೇಲೆ ಕೂರಿಸಿಯಾಯಿತು. ನಾನು ಹಿತ್ತಲಿಗೆ ಹೋದೆ. ಸೌದೆಯ ಕಿಡಿ ಹಾರಿ ಶಾಮಿಯಾನಕ್ಕೆ ಬೆಂಕಿ ತಗುಲಿದರೆ ಎಂಬುದು ಅವತ್ತಿನ ನನ್ನ ಚಿಂತೆ. ಕಿಡಿ ಹುಡುಕುತ್ತಾ ಒಲೆಯ ಹತ್ತಿರ ಬಗ್ಗಿದೆ. ಸಾರು ಕುದ್ದು ಇಳಿದಿತ್ತು. ಶಾಮಿಯಾನದ ಸಂದಿಯಿಂದ ಬಿಸಿಲು ನೇರ ತಪ್ಪಲೆಯೊಳಗೆ ಬಿದ್ದಿತ್ತು. ಸಾರಿನ ಮೇಲಿನ ಒಳಮೈ ಬೂದಿ ಬಣ್ಣಕ್ಕಿರಲಿಲ್ಲ. ಹೊರಗಿನಷ್ಟೇ ಹಳದಿಯಾಗಿ, ಹೊರಗಿನಷ್ಟೇ ಚೆಂದವಾಗಿ ಹೊಳೆಯುತ್ತಿತ್ತು. ಸಾರು ಇಳಿದ ಗುರುತಿನ ಉದ್ದಕ್ಕೂ ಎಳೆಯಂಥ ಒಂದು ಹಸಿರು.

ಆ ಹಸಿರು ಹಿತ್ತಾಳೆಯೊಳಗಿನ ತಾಮ್ರದ್ದು. ಲ್ಯಾಬಿನಲ್ಲಿ ತಾಮ್ರದ ಹರಳಿನ ಸೀಸೆಗೆ ತಲೆಬುರುಡೆಯ ಚೀಟಿ ಅಂಟಿಸುವವನು ನಾನೇ.

ಆದರೂ ಖಾತ್ರಿಯಾಗಬೇಕಲ್ಲ. ನಮ್ಮಲ್ಲಿ ದೇವರಿಗೆ ಎಡೆ ಇಡುವವರೆಗೆ ಅಡುಗೆಯ ರುಚಿ ನೋಡುವ ಹಾಗಿಲ್ಲ. ನೋಡಿದರೆ ಎಂಜಲು. ಅವ್ವ ಉಪ್ಪನ್ನು ಕೈಯಳತೆಯಲ್ಲೇ ಹಾಕುವವಳು, ನಾಲಗೆಗೆ ಮುಟ್ಟಿಸಿದವಳಲ್ಲ. ಅದಕ್ಕೇ ಅಷ್ಟು ಹೊತ್ತು ಕುದ್ದ ಸಾರು ಹೇಗಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಅವ್ವ ಹಪ್ಪಳ ನೋಡಲು ತಿರುಗಿದಾಗ ನಾನು ಸೌಟಿನಲ್ಲಿ ಸಾರು ತೆಗೆದು ಅಂಗೈಗೆ ಹಾಕಿಕೊಂಡು ನೆಕ್ಕಿದೆ. ಹುಳಿ, ಖಾರ, ಇಂಗು, ಎಲ್ಲದರ ಹಿಂದೆ ಹಳೇ ನಾಣ್ಯ ಬಾಯಲ್ಲಿಟ್ಟುಕೊಂಡ ಒಗರು.

ಈಗ ನನಗೆ ಎರಡು ಚಿಂತೆಯಾಯಿತು. ಒಂದು, ಸಾರು ವಿಷ; ಇನ್ನೊಂದು, ವಿಷವಲ್ಲದಿದ್ದರೂ ಈಗ ಎಂಜಲು.

ಮೊದಲು ಅಕ್ಕನ ಹತ್ತಿರ ಹೋದೆ. ಅವಳು ಕೋಸಂಬರಿಗೆ ಕಾಯಿ ತುರಿಯುತ್ತಿದ್ದಳು.

"ಸಾರು ಕಿಲುಬಿಟ್ಟದೆ ಕಣಕ್ಕ. ತಪ್ಪಲೆಲಿ ಕಲಾಯಿ ಇಲ್ಲ."

"ಶುರು ಮಾಡ್ದಾ?" ಅಕ್ಕ ತಲೆ ಎತ್ತಲಿಲ್ಲ. "ಮೇಲ್ಮನೆಯೋರ ಗೃಹಪ್ರವೇಶದಲ್ಲಿ ಗ್ಯಾಸ್ ಲೀಕ್ ಆಯ್ತಾ ಅದೆ ಅಂತ ಅಷ್ಟೂ ಜನಾನ ಬೀದಿಗೆ ಓಡಿಸಿದ್ಯಲ್ಲ, ಏನಾಗಿತ್ತು?"

ಅವತ್ತು ಬೆಂದದ್ದು ಮೂಲಂಗಿ. ಅದನ್ನು ನಾನು ಒಪ್ಪಿಕೊಂಡೇ ಬಂದಿದ್ದೇನೆ.

"ಇದು ಮೂಲಂಗಿಯಲ್ಲ ಅಕ್ಕ."

"ಹೋಗಿ ನೆಂಟ್ರ ಹತ್ರ ಕೂತ್ಕೊ. ನಿನ್ನ ಮುಖ ನೋಡಿದ್ರೇ ಅವರು ಎದ್ದು ಹೋಗ್ತಾರೆ, ಸಾರು ಯಾಕೆ ಬೇಕು."

ಅವ್ವನ ಹತ್ತಿರ ಹೋದೆ. ಅವಳು ತಪ್ಪಲೆಯ ಪಕ್ಕದಲ್ಲಿ ಮಣೆ ಹಾಕಿಕೊಂಡು, ಸೌಟನ್ನು ದಂಡದಂತೆ ಹಿಡಿದು ಕೂತಿದ್ದಳು. ಮೆಲ್ಲಗೆ ಹೇಳಿದೆ. ಅವಳಿಗೆ ಸಿಟ್ಟಿಗಿಂತ ಮೊದಲು ಅವಮಾನವಾಯಿತು.

"ನನ್ನ ತಪ್ಪಲೆಲಿ ಕಿಲುಬಾ? ನಿನ್ನ ನಾಮಕರಣಕ್ಕೆ ಪಾಯಸ ಮಾಡಿದ್ದು ಇದ್ರಲ್ಲೇ. ಯಾರ್ ಹೇಳ್ಕೊಟ್ರು ನಿಂಗೆ? ನಿಮ್ಮ ಭಾವ ತಾನೆ? ಅವರ ಗೊಂಬೆನ ನಾನು ಒಲೆ ಮೇಲಿಟ್ಟೆ ಅಂತ ಅವರಿಗೆ ಹೊಟ್ಟೆಯುರಿ."

"ಒಳಗೆ ನೋಡವ್ವ ಒಂದ್ಸಲ."

"ನೋಡೋದೇನು. ಎಂದಾದ್ರೂ ಕಲಾಯಿ ಇಲ್ದೆ ಇಟ್ಟಿದ್ದೀನಾ ನಾನು?"

ಅದು ನಿಜವೇ. ತಾನು ಹೇಗೆ ಇಟ್ಟಿದ್ದೆ ಎಂಬುದೇ ಅವಳ ಕಣ್ಣಿಗೆ ಕಾಣುತ್ತಿದ್ದದ್ದು. ಬೇರೆ ಕೈಗೆ ಹೋಗಿ ಬಂದದ್ದು ಕಾಣುತ್ತಿರಲಿಲ್ಲ.

ಹಾಲಿಗೆ ಬಂದು ಭಾವನನ್ನು ಕಣ್ಣಲ್ಲೇ ಕರೆದೆ. ಅವರು ದೊಡ್ಡಪ್ಪನಿಗೆ ಚಿನ್ನದ ರೇಕಿನ ವಿಚಾರ ವಿವರಿಸುತ್ತಿದ್ದರು. ದೊಡ್ಡಪ್ಪ ವಿನಯವಾಗಿ ಆಕಳಿಸುತ್ತಿದ್ದರು. ಬಚ್ಚಲ ಪಕ್ಕ ನಿಂತು ಪಿಸುಗುಟ್ಟಿದೆವು.

"ತಪ್ಪಲೆನ ಒಳಗೂ ಉಜ್ಜಿದ್ರಾ ಭಾವ?"

"ಮತ್ತೆ? ಹೊರಗೆ ಚಿನ್ನ, ಒಳಗೆ ಬೂದಿ, ಅದೇನು ಚೆಂದ. ಪಾಲೀಷ್ ಕಾಗದದಲ್ಲಿ ತಿಂಗಳುಗಟ್ಟಲೆ ಕೂತು ಉಜ್ಜಿದ್ದೀನಿ ಕಣಯ್ಯ." ಮಾತು ಮುಗಿಯುವಷ್ಟರಲ್ಲಿ ಅವರಿಗೆ ಅರ್ಥವಾಯಿತು. ಗೋಡೆ ಹಿಡಿದುಕೊಂಡರು. "ಅದ್ರಲ್ಲಿ ಏನ್ ಮಾಡಿದ್ದಾರೆ?"

"ಸಾರು."

"ಹುಣಸೆಹುಳಿ ಹಾಕಿ?"

"ಇನ್ನೇನು ಹಾಕ್ತಾರೆ."

ಭಾವ ಹಿತ್ತಲ ಕಡೆ ಒಮ್ಮೆ ಇಣುಕಿ, "ಒಂದು ಕೆಲಸ ಮಾಡು. ನೀನು ಎಡವಿದ ಹಾಗೆ ಮಾಡಿ ಅದರ ಮೇಲೆ ಬಿದ್ದುಬಿಡು" ಎಂದರು.

"ನಾನ್ಯಾಕೆ ಬೀಳ್ಲಿ? ಉಜ್ಜಿದೋರು ನೀವು."

"ನಾನು ಈ ಮನೆ ಯಜಮಾನ ಕಣಯ್ಯ. ಬೀಳಕ್ಕಾಗುತ್ತಾ? ನೀನು ಹೆಂಗೂ ಯಾವಾಗ್ಲೂ ಎಡವ್ತಾ ಇರ್ತೀಯ."

ಬೀಳಲು ನನಗೆ ಅಭ್ಯಂತರವಿರಲಿಲ್ಲ. ಆದರೆ ಕುದಿಯುವ ಸಾರಿನ ಪಕ್ಕದಲ್ಲಿ ಅವ್ವನ ಮಡಿಲಿತ್ತು. ಅಲ್ಲದೆ, ಶುಭಕಾರ್ಯದ ಮನೆಯಲ್ಲಿ ತುಂಬಿದ ಪಾತ್ರೆ ಮಗುಚಿ ಬಿದ್ದರೆ ಅದನ್ನೇನು ಬನ್ನೂರಿನವರು ಒಳ್ಳೆಯ ಶಕುನ ಅನ್ನುತ್ತಾರೆಯೇ? ಹಾಲು ಒಡೆದ ಮನೆ, ಸಾರು ಚೆಲ್ಲಿದ ಮನೆಯಾಗುತ್ತದೆ. ಸುಮ್ಮನಿದ್ದರೆ ನೆಂಟರು ವಾಂತಿ ಮಾಡಿಕೊಂಡ ಮನೆ. ಯಾವ ಕಡೆ ನೋಡಿದರೂ ತಂಗಿಯ ಹಣೆಯ ಮೇಲೆ ಒಂದು ಹೆಸರು ಬರೆಯಲು ನಾವು ಸಾಲಾಗಿ ನಿಂತಿದ್ದೆವು.

ಭಾವ ಏನೂ ಆಗಿಲ್ಲವೆಂಬ ಮುಖ ಹೊತ್ತು ಹಾಲಿಗೆ ಹೋದರು. ನಾನು ನನ್ನ ಹೊಟ್ಟೆಯ ಕಡೆ ಗಮನ ಕೊಟ್ಟೆ. ನಾನು ಸಾರು ಕುಡಿದಿದ್ದೇನೆ. ನನಗೆ ವಾಂತಿಯಾದರೆ ಎಲ್ಲರೂ ನಂಬುತ್ತಾರೆ. ಹೊಟ್ಟೆ ತೊಳಸುತ್ತಿತ್ತು. ಆದರೆ ನನ್ನ ಹೊಟ್ಟೆ ಎಸ್ಸೆಸ್ಸೆಲ್ಸಿ ರಿಸಲ್ಟು ಬಂದಾಗಿನಿಂದ ತೊಳಸುತ್ತಲೇ ಇದೆ. ಅದನ್ನು ಸಾಕ್ಷಿ ಎಂದು ಯಾರೂ ಒಪ್ಪುವುದಿಲ್ಲ.

ಹಾಲಿನಲ್ಲಿ ಎಲೆ ಹಾಕಲು ಶುರು ಮಾಡಿದರು. ಬಾಳೆಲೆಗೆ ನೀರು ಚಿಮುಕಿಸುವ ಸದ್ದು ಕೇಳಿಸಿತು. ಅವ್ವ ಎಡೆಗೆಂದು ಪುಟ್ಟ ಎಲೆ ತೊಳೆಯುತ್ತಿದ್ದಳು. ಒಮ್ಮೆ ಎಡೆ ಇಟ್ಟರೆ ಮುಗಿಯಿತು. ದೇವರಿಗೆ ಇಟ್ಟದ್ದನ್ನು ಚೆಲ್ಲುವ ಎದೆ ಆ ಮನೆಯಲ್ಲಿ ಯಾರಿಗೂ ಇಲ್ಲ, ಬಡಿಸಲೇಬೇಕು.

ಒಳಕೋಣೆಯ ಬಾಗಿಲು ತಟ್ಟಿದೆ. ತಂಗಿ ಸೀರೆಯುಟ್ಟು, ಮಲ್ಲಿಗೆ ಮುಡಿದು, ಹಾಸಿಗೆ ಸುರುಳಿಯ ಮೇಲೆ ಕೂತಿದ್ದಳು. ನನ್ನ ಮುಖ ನೋಡಿ ಅವಳೇ ಕೇಳಿದಳು.

"ಏನಣ್ಣ, ಹಾಲಾ?"

ಆ ಪ್ರಶ್ನೆಯನ್ನು ಅವಳು ಬೆಳಗಿನಿಂದ ಬಾಯಲ್ಲಿಟ್ಟುಕೊಂಡು ಕೂತಿದ್ದಳು ಅನ್ನಿಸಿತು.

"ಹಾಲಲ್ಲ. ಸಾರು." ಎಲ್ಲ ಹೇಳಿದೆ. ಅಕ್ಕ ನಂಬಲಿಲ್ಲ, ಅವ್ವ ಕೇಳಲಿಲ್ಲ, ಭಾವ ನನ್ನನ್ನು ಬೀಳಲು ಹೇಳಿದರು ಎಂದೂ ಹೇಳಿದೆ.

"ಹೆಂಗೆ ಗೊತ್ತು, ನೋಡಿದ್ದಷ್ಟೇನಾ?"

"ಕುಡಿದು ನೋಡ್ದೆ."

"ಎಡೆಗೆ ಮುಂಚೆ?"

ತಲೆಯಾಡಿಸಿದೆ. ಅವಳು ನನ್ನನ್ನು ಒಂದು ಗಳಿಗೆ ದಿಟ್ಟಿಸಿದಳು.

"ನೀನು ದಿನಾ ಹೆದರ್ತೀಯ ಅಣ್ಣ. ಆದ್ರೆ ಎಡೆಗೆ ಮುಂಚೆ ಬಾಯಿಗೆ ಹಾಕೋ ಧೈರ್ಯ ನಿಂಗೆ ಇದ್ದಿದ್ದೇ ಇಲ್ಲ. ಹಂಗಾದ್ರೆ ನಿಜ ಇರ್ಬೇಕು."

ಎದ್ದಳು. ಯಾರೂ ಕರೆಯದೆ ಮದುವಣಗಿತ್ತಿ ಹಾಲಿಗೆ ಬರುವಂತಿಲ್ಲ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ದಾಟಿದ್ದಳು.

ಅವ್ವ ಹಿತ್ತಲ ಬಾಗಿಲಿಂದ ಎಡೆಯ ಎಲೆ ಹಿಡಿದು ದೇವರ ಮನೆಯ ಕಡೆ ಬರುತ್ತಿದ್ದಳು. ಎಲೆಯಲ್ಲಿ ಪಾಯಸ, ಕೋಸಂಬರಿ, ಅನ್ನ, ಅನ್ನದ ಮೇಲೆ ಸಾರು. ಎಲ್ಲ ನೆಂಟರ ಎದುರಿಗೇ ತಂಗಿ ಅವಳನ್ನು ತಡೆದಳು.

"ಇಡಬ್ಯಾಡ ಅವ್ವ. ಸಾರು ಕಿಲುಬಿಟ್ಟದೆ. ಅದನ್ನ ಯಾರ್ಗೂ ಬಡಿಸಬ್ಯಾಡಿ."

 ಎಲೆಗೆ ನೀರು ಚಿಮುಕಿಸುತ್ತಿದ್ದವರ ಕೈ ಅಲ್ಲೇ ನಿಂತಿತು. ಅವ್ವ ತುಟಿ ಬಿಗಿದು, "ಯಾರು ಹೇಳಿದ್ದು?" ಎಂದಳು.

"ಅಣ್ಣ ಕುಡಿದು ನೋಡವ್ನೆ."

ಅಷ್ಟೂ ಜನ ನನ್ನ ಕಡೆ ತಿರುಗಿದರು. ಕಿಲುಬಿಗಿಂತ ಎಂಜಲೇ ಅವರಿಗೆ ದೊಡ್ಡ ಸುದ್ದಿಯಾದ ಹಾಗೆ ಕಂಡಿತು. ದೊಡ್ಡಪ್ಪ ಮೊಣಕಾಲ ಮೇಲೆ ಕೈಯೂರಿ ಎದ್ದರು.

"ಎಲ್ಲವ್ವ ತಪ್ಪಲೆ? ತೋರ್ಸಿ."

ಹಿತ್ತಲಿಗೆ ಅವರು ಮುಂದೆ, ನಾವು ಹಿಂದೆ. ಅವರು ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಅವ್ವನ ಕಡೆ ತಿರುಗಿ, "ಕಲಾಯಿ ಎಲ್ಲೋಯ್ತವ್ವ?" ಎಂದರು.

ಅವ್ವ ಕೈಯಲ್ಲಿದ್ದ ಎಡೆಯ ಎಲೆಯನ್ನು ಅಕ್ಕನಿಗೆ ಕೊಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡು, ತಪ್ಪಲೆಯ ಒಳಗಡೆ, ಸಾರು ಮುಟ್ಟದ ಜಾಗದಲ್ಲಿ, ಎರಡು ಬೆರಳಾಡಿಸಿದಳು. ಬಿಸಿಯಿತ್ತು, ಅವಳು ಕೈ ಎಳೆದುಕೊಳ್ಳಲಿಲ್ಲ. ಬೆರಳು ಒಂದು ಸುತ್ತು ಹೋಗಿ ನಿಂತಿತು.

"ನುಣ್ಣಗದೆ" ಎಂದಳು. ಅಷ್ಟೇ. ಅವಳ ಧ್ವನಿ ಅಷ್ಟು ಸಣ್ಣಗಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ನಾನು ಉಜ್ಜಿದ್ದು" ಎಂದರು ಭಾವ ಹಿಂದಿನಿಂದ. ಯಾರೂ ಅವರನ್ನು ಕೇಳಿರಲಿಲ್ಲ. "ಅತ್ತೆದು ತಪ್ಪಿಲ್ಲ. ಒಳಗೂ ಹೊಳೀಲಿ ಅಂತ ನಾನೇ ತೆಗೆದೆ."

"ಯಾಕ್ ಸಾ?"

"ಚೆನ್ನಾಗಿ ಕಾಣ್ಲಿ ಅಂತ."

ದೊಡ್ಡಪ್ಪ ಇನ್ನೊಮ್ಮೆ ಬಗ್ಗಿ ನೋಡಿದರು. "ಚೆನ್ನಾಗೇನೋ ಕಾಣ್ತದೆ" ಎಂದರು.

ಆಮೇಲೆ ಬನ್ನೂರಿನ ಗಂಡಸರೆಲ್ಲ ಬೀದಿಗಿಳಿದು ಹೊಂಗೆಮರದ ಕೆಳಗೆ ನಿಂತರು. ಕಿಟಕಿಯಿಂದ ಅವರ ಬಾಯಾಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಒಬ್ಬರು ವ್ಯಾನಿನ ಬಾಗಿಲ ಮೇಲೆ ಕೈಯಿಟ್ಟರೆ ನಾನು ಕಿಟಕಿಯ ಸರಳು ಹಿಡಿಯುತ್ತಿದ್ದೆ, ಕೈ ತೆಗೆದರೆ ಬಿಡುತ್ತಿದ್ದೆ. ಅಕ್ಕ ಮಜ್ಜಿಗೆಗೆ ಒಗ್ಗರಣೆ ಹಾಕಿದಳು. ನಾನು, ಭಾವ ಸೇರಿ ತಪ್ಪಲೆ ಹೊತ್ತು ಸಾರನ್ನು ಹಿತ್ತಲ ಗುಂಡಿಗೆ ಸುರಿದೆವು. ಅವ್ವ ಮಣೆಯಿಂದ ಏಳಲಿಲ್ಲ. ತಂಗಿ ಒಳಕೋಣೆಗೆ ವಾಪಸು ಹೋಗಲಿಲ್ಲ. ಹಾಲಿನ ಕಂಬಕ್ಕೆ ಒರಗಿ, ಬೀದಿಯ ಕಡೆ ನೋಡದೆ ನಿಂತಿದ್ದಳು. ಅವಳ ಕುತ್ತಿಗೆಯ ನರ ಹೊಡೆದುಕೊಳ್ಳುವುದು ನನಗೆ ಕಾಣುತ್ತಿತ್ತು. ಯಾವ ಕಲೆಗಾರನ ಕಣ್ಣೂ ಬೇಕಿರಲಿಲ್ಲ ಅದನ್ನು ನೋಡಲು.

ಗಂಡಸರು ಒಳಗೆ ಬಂದರು. "ಬೇರೆ ಎಡೆ ಇಡ್ರವ್ವ, ಹಸಿವಾಯ್ತಾ ಅದೆ" ಎಂದರು ದೊಡ್ಡಪ್ಪ. 

ಆ ಊಟದಷ್ಟು ಉದ್ದದ ಊಟವನ್ನು ನಾನು ಬಡಿಸಿಲ್ಲ. ಅವರು ಉಂಡರು. ಪಾಯಸ ಕೇಳಿದರು, ಹಪ್ಪಳ ಕೇಳಿದರು, ಮಜ್ಜಿಗೆ ಸುರಿಸಿಕೊಂಡರು. ಒಪ್ಪಿದ ಮನೆಯವರೂ ಹಾಗೇ ಉಣ್ಣುತ್ತಾರೆ, ಹಸಿದು ಊರಿಗೆ ಹೊರಟವರೂ ಹಾಗೇ ಉಣ್ಣುತ್ತಾರೆ. ಕೈತೊಳೆದು ಬಂದು ಕೂತ ಮೇಲೂ ತಾಂಬೂಲದ ತಟ್ಟೆಯ ಕಡೆ ಯಾರೂ ಕೈ ಚಾಚಲಿಲ್ಲ. ದೊಡ್ಡಪ್ಪ ತಂಗಿಯನ್ನು ಎದುರಿಗೆ ಕರೆದರು.

"ನಮ್ಮನೇಲೂ ಎಲ್ಲ ಹಿತ್ತಾಳೆನೇ ಕಣವ್ವ. ಯಾವುದ್ರಲ್ಲಿ ಕಲಾಯಿ ಅದೆ, ಯಾವುದ್ರಲ್ಲಿ ಓಗ್ಬುಟ್ಟದೆ ಅಂತ ನಮ್ಮ ಹೆಂಗಸ್ರು ಯಾರೂ ಬಗ್ಗಿ ನೋಡೋರಲ್ಲ. ಬಂದ್ರೆ ಮೊದ್ಲು ಅದೇ ಕೆಲ್ಸ ನಿಂಗೆ."

ತಂಗಿ ನೆಲ ನೋಡುತ್ತಲೇ ಹೇಳಿದಳು: "ನಾನು ಸ್ಟೀಲ್ ಪಾತ್ರೆ ತತ್ತೀನಿ."

ಹೆಂಗಸರ ಗುಂಪಿನಿಂದ ಒಂದು ನಗು ಎದ್ದಿತು. ಅದುವರೆಗೆ ತಲೆ ಬಗ್ಗಿಸಿ ಕೂತಿದ್ದ ಹುಡುಗನೂ ನಕ್ಕ. ದೊಡ್ಡಪ್ಪ ನಗಲಿಲ್ಲ. ಆದರೆ ಶಲ್ಯ ಹೆಗಲ ಮೇಲೆ ಸರಿಮಾಡಿಕೊಂಡು, "ಎಲ್ಲಿ, ತಟ್ಟೆ ತನ್ರಪ್ಪ" ಎಂದರು. ತಟ್ಟೆ ಆ ಕೈಯಿಂದ ಈ ಕೈಗೆ ಬಂತು. ಅದು ಕೆಳಗೆ ಬೀಳದಿರಲಿ ಎಂದು ನಾನು ಗಾಳಿಯಲ್ಲೇ ಕೈ ಒಡ್ಡಿಕೊಂಡು ನಿಂತಿದ್ದೆನಂತೆ. ತಂಗಿ ಇವತ್ತಿಗೂ ಅದನ್ನು ಮಾಡಿ ತೋರಿಸುತ್ತಾಳೆ.

ಪಾತ್ರೆ ದೊಡ್ಡದೋ ಚಿತ್ರ ದೊಡ್ಡದೋ ಎಂದು ಯಾರಾದರೂ ಕೇಳಿದರೆ ನಾನು ಪಾತ್ರೆಯ ಕಡೆಯವನೇ. ದಿನಾ ಅನ್ನ ಬೇಯಿಸಿಕೊಡುವುದಕ್ಕೆ ಯಾರೂ ಕೈಮುಗಿಯುವುದಿಲ್ಲ, ಗೋಡೆಯ ಮೇಲೆ ಸುಮ್ಮನೆ ನಿಂತದ್ದಕ್ಕೆ ಊದುಬತ್ತಿ ಹಚ್ಚುತ್ತೇವೆ. ಆದರೆ ಪಾತ್ರೆಯನ್ನು ಮೆಚ್ಚುವುದೆಂದರೆ ಏನು ಎಂಬಲ್ಲಿಗೆ ಬಂದಾಗ ನನ್ನ ವಾದ ತೊದಲುತ್ತದೆ. ಭಾವನಷ್ಟು ಆ ತಪ್ಪಲೆಯನ್ನು ಕಣ್ತುಂಬ ನೋಡಿದವರಿಲ್ಲ; ನೋಡುವ ಆಸೆಯಲ್ಲೇ ಅದರ ಅನ್ನದ ಯೋಗ್ಯತೆ ಕೆರೆದು ತೆಗೆದರು. ಅವ್ವನಷ್ಟು ಅದನ್ನು ನಂಬಿದವರಿಲ್ಲ; ನಂಬಿಕೆಯಲ್ಲೇ ಅದರೊಳಗೆ ನೋಡುವುದನ್ನು ಬಿಟ್ಟಳು. ಇಬ್ಬರ ಮಧ್ಯೆ ತಂಗಿಯ ಬಾಳು ಒಂದು ಮಧ್ಯಾಹ್ನ ತೂಗಾಡಿತು. ಇದನ್ನು ಯಾವ ಕಡೆಯ ಗೆಲುವೆಂದು ಬರೆಯಲಿ?

ಮುಂದಿನ ಭಾನುವಾರ ಭಾವ ತಪ್ಪಲೆಯನ್ನು ಗೋಣಿಯಲ್ಲಿ ಸುತ್ತಿ ನಂಜನಗೂಡಿಗೆ ತಂದರು. ಅವ್ವ ಅದನ್ನು ಒಳಗಿಡಲಿಲ್ಲ. "ಮೊದ್ಲು ಕಲಾಯಿ" ಎಂದಳು, ಗೋಡೆ ನೋಡಿಕೊಂಡು. ಬೀದಿಗೆ ಬರುತ್ತಿದ್ದ ಕಲಾಯಿಯವನು ಬರುವುದನ್ನು ಎಂದೋ ನಿಲ್ಲಿಸಿದ್ದ. ಕೇಳಿ ಕೇಳಿ ಕೊನೆಗೆ ಪೇಟೆಯ ಹಿಂದಿನ ಓಣಿಯಲ್ಲಿ ಒಬ್ಬ ಮುದುಕನನ್ನು ಹುಡುಕಿದೆವು. ಅವನು ಮೊದಲು ತಪ್ಪಲೆಯ ಒಳಮೈಗೆ ಮರಳು ಹಾಕಿ ತಿಕ್ಕಿದ. ಭಾವನ ತಿಂಗಳುಗಟ್ಟಲೆಯ ಹೊಳಪು ಒಂದು ಮಾತಾಡುವಷ್ಟರಲ್ಲಿ ಗೀರು ಗೀರಾಗಿ ಹೋಯಿತು. ಭಾವ ಮುಖ ತಿರುಗಿಸುತ್ತಾರೆಂದುಕೊಂಡೆ. ತಿರುಗಿಸಲಿಲ್ಲ. ತಪ್ಪಲೆ ಕೆಂಡದ ಮೇಲೆ ಕಾದಾಗ ಮುದುಕ ತವರದ ಚೂರು ಮುಟ್ಟಿಸಿ, ಹತ್ತಿಯ ಉಂಡೆಯಿಂದ ಸರ್ರನೆ ಸವರಿದ. ಹೊಗೆಯೊಳಗಿಂದ ಒಂದು ಬಿಳುಪು ಒಳಮೈಯನ್ನೆಲ್ಲ ಓಡಿ ಸುತ್ತುಗಟ್ಟಿತು.

ಭಾವ ಕುಕ್ಕರಗಾಲಿನಲ್ಲಿ ಕೂತು ಹತ್ತಿರಕ್ಕೆ ಸರಿದರು. "ಇನ್ನೊಂದ್ಸಲ ಮಾಡಪ್ಪ ಅದನ್ನ" ಎಂದರು ಮುದುಕನಿಗೆ. "ನೋಡಬೇಕು."

"ಒಂದೇ ಸಲ ಸಾ ಮಾಡೋದು" ಎಂದ ಅವನು, ತಪ್ಪಲೆಯನ್ನು ಇಕ್ಕಳದಲ್ಲಿ ಎತ್ತಿ ನೀರಿಗೆ ಅದ್ದುತ್ತಾ.